ಚೊಗರು ಎಂದು ನಾನು ಹೇಳಿದ ಮಚ್ಚೆ

ಚನ್ನಗಿರಿ ಮತ್ತು ಹೊನ್ನಾಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು ಎಂದೇ ಆ ದಿನಗಳಲ್ಲಿ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಯಾರೂ ಕಿತ್ತುಕೊಂಡಿರಲಿಲ್ಲ. ನಾನು ಕೆಲಸ ಮಾಡುವ ದಾವಣಗೆರೆಯ ಆಸ್ಪತ್ರೆಯವರು ನಾಲ್ಕು ತಾಲ್ಲೂಕುಗಳಲ್ಲಿ ವಾರಕ್ಕೊಂದು ದಿನ ಚರ್ಮರೋಗದ ಕ್ಲಿನಿಕ್ ನಡೆಸುತ್ತಾರೆ. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ನಾಲ್ಕಕ್ಕೂ ಹೋಗುತ್ತಿದ್ದವಳು ನಾನೊಬ್ಬಳೇ. ಹೋಗಿ ಬಂದು ಸೊಂಟ ಬಿದ್ದುಹೋಯಿತು ಎಂದು ದೂರುತ್ತಿದ್ದವಳೂ ನಾನೇ. ದೂರು ಕೇಳಿ ಕೇಳಿ ಸಾಕಾಗಿ ಅವರು ಇನ್ನೊಬ್ಬ ಡಾಕ್ಟರನ್ನು ತಂದು, ಮೊದಲ ಎರಡು ದಿನಗಳನ್ನು ಅವನಿಗೆ ಕೊಟ್ಟರು.

ಅವನಿಗೆ ಮೂವತ್ತೆರಡು ವರ್ಷ. ಎದುರಿಗೆ ನಾನು ಅವನನ್ನು ‘ನೀವು’ ಎನ್ನುತ್ತಿದ್ದೆ, ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ‘ಅವನು’. ಇಲ್ಲಿ ಬರೆಯುವಾಗಲೂ ಹಾಗೇ ಬರೆಯುತ್ತೇನೆ, ಸುಮ್ಮನೆ ಸಭ್ಯತೆ ನಟಿಸುವುದಿಲ್ಲ.

ಅವನ ಜೊತೆ ಒಂದು ಯಂತ್ರವೂ ಬಂತು. ಚರ್ಮದ ಮೇಲಿನ ಮಚ್ಚೆ, ಕಪ್ಪು ಕಲೆಗಳನ್ನು ನಾವು ಡರ್ಮೋಸ್ಕೋಪ್ ಎಂಬ ಸೂಕ್ಷ್ಮದರ್ಶಕದಿಂದ ನೋಡುತ್ತೇವೆ. ನನ್ನದು ಅಂಗೈಯಲ್ಲಿ ಹಿಡಿಸುವ ಹಳೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮಚ್ಚೆಯ ಮೇಲೆ ಒಂದು ಹನಿ ಜೆಲ್ ಹಾಕಿ ಗಾಜು ಒತ್ತಿ, ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಬೇಕು. ಜೆಲ್ ಹಾಕದಿದ್ದರೆ ಚರ್ಮದ ಮೇಲೆ ಬೆಳಕು ಮಿರುಗಿ ಒಳಗಿನದೇನೂ ಕಾಣುವುದಿಲ್ಲ. ನಾನು ಏನು ನೋಡಿದೆ ಎಂಬುದು ನನಗೊಬ್ಬಳಿಗೇ ಗೊತ್ತು. ಅವನ ಯಂತ್ರಕ್ಕೆ ಕ್ಯಾಮೆರಾ, ದೊಡ್ಡ ಪರದೆ. ಎಪ್ಪತ್ತು ಪಟ್ಟಿನವರೆಗೆ ಹಿಗ್ಗಿಸಬಹುದು, ಚಿತ್ರಗಳೆಲ್ಲ ತಾರೀಖಿನ ಸಮೇತ ಉಳಿಯುತ್ತವೆ. ನಾನು ಮೂರು ಸಲ ಅರ್ಜಿ ಬರೆದು ಕೇಳಿದ್ದ ಯಂತ್ರ ಅದು. ಅವನಿಗೆ ಕೇಳದೆಯೇ ಸಿಕ್ಕಿತು.

ಚನ್ನಗಿರಿಯ ನರ್ಸ್ ನನ್ನ ಹಳೆಯ ಜೊತೆಗಾತಿ. ಸೋಮವಾರ ಸಂಜೆ ಅವಳಿಗೆ ಫೋನ್ ಮಾಡಿ, ಏನೋ ಔಷಧಿಯ ನೆಪ ತೆಗೆದು, ಕ್ಲಿನಿಕ್ ಹೇಗೆ ನಡೆಯುತ್ತಿದೆ ಎಂದು ಕೆದಕುತ್ತಿದ್ದೆ.

“ಭಾಳ ಜನ ಬರ್ತಾರ್ರಿ ಮೇಡಂ. ತಮ್ಮ ಚರ್ಮ ತಾವೇ ಟಿವ್ಯಾಗೆ ನೋಡಾಕೆ ಅಂತ, ಏನೂ ಇಲ್ಲದೋರೂ ಬರ್ತಾರೆ. ಟಿವಿ ಡಾಕ್ಟ್ರು ಅಂತ ಹೆಸ್ರು ಬಿದ್ದೈತೆ.”

“ನನ್ನ ಹಳೇ ಪೇಷಂಟುಗಳು ಕೇಳ್ತಾರಾ?”

“ಮೊದ್ಲು ಕೇಳ್ತಿದ್ರು ಮೇಡಂ,” ಎಂದಳು.

ಆ ‘ಮೊದ್ಲು’ ನನ್ನ ಎದೆಗೆ ಚುಚ್ಚಿತು. ಹನ್ನೊಂದು ವರ್ಷ ಹೋಗಿ ಬಂದ ಊರು ಎರಡೂವರೆ ತಿಂಗಳಲ್ಲಿ ನನ್ನನ್ನು ಮರೆತಿತ್ತು. ಅವನು ತಪ್ಪು ಮಾಡಲಿ, ಒಂದೇ ಒಂದು ಸಲ, ಎಲ್ಲರಿಗೂ ಕಾಣುವ ಹಾಗೆ ಮಾಡಲಿ ಎಂದು ನಾನು ಆಗ ಹಾರೈಸಿದ್ದು ನಿಜ. ದೇವರಿಗೆ ಕೈ ಮುಗಿಯುವಾಗ ಕೂಡ ಇದು ಮನಸ್ಸಿನಲ್ಲಿ ಬಂದುಹೋಗಿದ್ದಿದೆ.

ಆ ಒಂದು ಸಲ ಬಂತು ಎಂದು ನಾನು ಅಂದುಕೊಂಡದ್ದು ಜಗಳೂರಿನ ಒಂದು ಗುರುವಾರ. ಹತ್ತಿರದ ಸೊಕ್ಕೆ ಎಂಬ ಊರಿನ ಹೆಂಗಸೊಬ್ಬಳು ಕೋಣೆಗೆ ಬಂದು, ಕೂರುವ ಮೊದಲೇ ಅಳತೊಡಗಿದಳು. ಐವತ್ತರ ಹತ್ತಿರದ ವಯಸ್ಸು. ಹೊಲದ ಕೆಲಸ ಮುಗಿದ ಮೇಲೆ ಪ್ರತಿ ವರ್ಷ ಊರಿನ ಹೆಂಗಸರ ಗುಂಪಿನ ಜೊತೆ ಚನ್ನಗಿರಿ ಕಡೆಗೆ, ಕೆರೆಬಿಳಚಿಗೆ, ಅಡಿಕೆ ಸುಲಿಯಲು ಹೋಗುವವಳು. ಎರಡು ಅಂಗೈಯೂ ಕಪ್ಪಾಗಿದ್ದವು. ಹಸಿ ಅಡಿಕೆ ಸುಲಿಯುವಾಗ ಒಸರುವ ರಸ, ಚೊಗರು, ಹತ್ತಿದರೆ ಹಾಗೇ, ಸೋಪಿಗೆ ಜಗ್ಗುವುದಿಲ್ಲ, ವಾರಗಟ್ಟಲೆ ಉಳಿಯುತ್ತದೆ.

“ಕಾಲಾಗೆ ಒಂದು ಕಪ್ಪು ಐತ್ರಿ ಡಾಕ್ಟ್ರಮ್ಮ. ಸೋಮವಾರ ಚನ್ನಗಿರ್ಯಾಗೆ ತೋರಿಸ್ದೆ. ಆ ಟಿವಿ ಡಾಕ್ಟ್ರು ನೋಡಿ, ಕ್ಯಾನ್ಸರ್ ಇರಬಹುದು, ಕೊಯ್ದು ಪರೀಕ್ಷೆಗೆ ಕಳಿಸ್ಬೇಕು ಅಂದ್ರು. ಹೆದರಿಕಂಡು ಕೆಲ್ಸ ಬಿಟ್ಟು ಓಡಿಬಂದೀನಿ. ಕಾಲು ತೆಗೀತಾರಂತಲ್ರಿ?”

“ಕಾಲು ಯಾಕೆ ತೆಗೀತಾರೆ? ಮೊದ್ಲು ಮೇಲೆ ಇಡ್ರಿ, ನೋಡ್ತೀನಿ,” ಎಂದೆ. ನನ್ನ ಧ್ವನಿಯಲ್ಲಿ ಸಂತೋಷವಿತ್ತು. ಅವಳಿಗೆ ಅದು ಧೈರ್ಯದಂತೆ ಕೇಳಿಸಿರಬೇಕು, ಅಳು ನಿಲ್ಲಿಸಿದಳು.

ಎಡಗಾಲಿನ ಹಿಮ್ಮಡಿಯಲ್ಲಿ, ಒಳಬದಿಗೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಲೆ. ಸುತ್ತ ಒಡಕು. ಅಂಗಾಲಿನ ಮಚ್ಚೆ ನೋಡುವ ವಿದ್ಯೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಗಾಲಿನ ಚರ್ಮ ಮೆಕ್ಕೆಜೋಳದ ಹೊಲದ ಹಾಗೆ ಬೋದು-ಸಾಲು ಇರುವ ಚರ್ಮ. ಎತ್ತರದ್ದು ಬೋದು, ತಗ್ಗಿನದು ಸಾಲು. ಬೋದಿನ ಮೇಲೆ ಬೆವರಿನ ರಂಧ್ರಗಳು ಬಿಳಿ ಚುಕ್ಕಿಗಳಾಗಿ ಒಂದರ ಹಿಂದೊಂದು ಕಾಣುತ್ತವೆ. ಸಾಧಾರಣ ಮಚ್ಚೆಯಾದರೆ ಬಣ್ಣ ಹೆಚ್ಚಾಗಿ ಸಾಲಿನಲ್ಲಿ ಕೂತಿರುತ್ತದೆ. ಮೆಲನೋಮ ಎಂಬ ಕ್ಯಾನ್ಸರ್ ಆದರೆ ಬಣ್ಣ ಬೋದಿನ ಮೇಲೆ ಪಟ್ಟಿಯಾಗಿ ಓಡುತ್ತದೆ. ತೊಡಕು ಏನೆಂದರೆ, ಹೊರಗಿನಿಂದ ಹತ್ತಿದ ಬಣ್ಣವೂ ಬೋದಿನ ಮೇಲೆಯೇ ಕೂರುತ್ತದೆ, ನೆಲಕ್ಕೆ ತಾಗುವುದು ಬೋದೇ ಆದ್ದರಿಂದ. ಹಾಗಾಗಿ ಬಣ್ಣ ಹತ್ತಿದ ಕಾಲು ಕ್ಯಾನ್ಸರಿನ ಹಾಗೆ ಕಂಡು ಡಾಕ್ಟರರಿಗೆ ಮೋಸ ಮಾಡಬಲ್ಲದು.

ಜೆಲ್ ಹಾಕಿ, ಗಾಜು ಒತ್ತಿ, ಬಗ್ಗಿ ನೋಡಿದೆ. ಬೋದಿನ ಮೇಲೆ ಕಂದು ಪಟ್ಟಿಗಳು. ಅವನು ಕಂಡದ್ದೂ ಇದನ್ನೇ. ಪಾಪ, ಹುಡುಗ, ಪುಸ್ತಕ ಓದಿದ್ದಾನೆ, ಅಡಿಕೆ ಸುಲಿಯುವವರ ಕಾಲು ನೋಡಿಲ್ಲ ಎಂದುಕೊಂಡೆ. ಅವಳ ಕೈ ನೋಡಿದ್ದರೆ ಸಾಕಿತ್ತು. ನಾನು ಬ್ಲೇಡ್ ತೆಗೆದುಕೊಂಡು ಕಲೆಯ ನಡುವಿನಲ್ಲಿ, ನೋವಾಗದ ಹಾಗೆ, ಮೇಲಿನ ಸತ್ತ ಚರ್ಮವನ್ನು ತೆಳ್ಳಗೆ ಕೆರೆದೆ. ಬಿಳಿ ಕಾಗದದ ಮೇಲೆ ಕಂದು ಪುಡಿ ಉದುರಿತು. ಮತ್ತೆ ನೋಡಿದೆ. ಕಲೆ ಅರ್ಧಕ್ಕರ್ಧ ಮಾಸಿತ್ತು. ಸತ್ತ ಚರ್ಮದ ಜೊತೆ ಬಣ್ಣ ಬಂದರೆ ಅದು ಹೊರಗಿನ ಬಣ್ಣ. ಕೆರೆಯುವ ಮೊದಲೂ ಆಮೇಲೂ ಮೊಬೈಲನ್ನು ಡರ್ಮೋಸ್ಕೋಪಿಗೆ ಹಚ್ಚಿ ಚಿತ್ರ ತೆಗೆದಿದ್ದೆ.

ಕಾಗದವನ್ನು ಅವಳ ಮುಂದೆ ಹಿಡಿದು, “ನೋಡ್ರಮ್ಮ, ನಿಮ್ಮ ಕ್ಯಾನ್ಸರ್ ಕಾಗದದ ಮೇಲೆ ಬಂದೈತೆ. ಚೊಗರು ಇದು. ಏನೂ ಇಲ್ಲ, ಹೋಗಿ ಅಡಿಕೆ ಸುಲೀರಿ,” ಎಂದೆ.

ಅವಳು ನನ್ನ ಕಾಲು ಮುಟ್ಟಲು ಬಂದಳು. ನಾನು ಬೇಡ ಬೇಡ ಎನ್ನುತ್ತ ಹಿಂದೆ ಸರಿದೆ, ಆದರೆ ಒಳಗೊಳಗೇ ಹಿಗ್ಗಿದೆ. “ನಿಮ್ ಮಾತೇ ಮಾತ್ರಿ ಡಾಕ್ಟ್ರಮ್ಮ. ಟಿವಿ ಇಟ್ಕಂಡ್ರೆ ಆತಾ?” ಎಂದು ಹೇಳಿಹೋದಳು. ಎರಡೂವರೆ ತಿಂಗಳಿಂದ ಯಾರ ಬಾಯಿಂದಲಾದರೂ ಕೇಳಬೇಕೆಂದಿದ್ದ ಮಾತು ಅದು.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ನಮ್ಮ ಆಸ್ಪತ್ರೆಯ ಡಾಕ್ಟರರಿಗೆಲ್ಲ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಎರಡು ಚಿತ್ರಗಳನ್ನೂ ಹಾಕಿ, ‘ಯಂತ್ರ ಎಷ್ಟು ದೊಡ್ಡದಾದರೂ ಮೊದಲು ರೋಗಿಯ ಕೈ ನೋಡಬೇಕು. ಚನ್ನಗಿರಿಯ ಕ್ಯಾನ್ಸರ್ ಜಗಳೂರಿನಲ್ಲಿ ಬ್ಲೇಡಿಗೆ ವಾಸಿಯಾಯಿತು’ ಎಂದು ಬರೆದೆ. ಹೆಸರು ಹಾಕಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ನಗುವ ಮುಖಗಳು, ಹೆಬ್ಬೆರಳುಗಳು ಸಾಲಾಗಿ ಬಂದವು. ಅವನು ಮಾತ್ರ ನನಗೆ ಬೇರೆಯಾಗಿ ಬರೆದ. ‘ಧನ್ಯವಾದ ಮೇಡಂ, ಚೊಗರು ನನಗೆ ಹೊಳೆಯಲೇ ಇಲ್ಲ. ಅಂಚಿನಲ್ಲೂ ಕೆರೆದು ನೋಡಿದ್ರಾ? ಇಂಕ್ ಪರೀಕ್ಷೆ ಮಾಡಿದ್ರಾ? ಕಲಿಯಲು ಕೇಳುತ್ತಿದ್ದೇನೆ.’

ಕಲಿಯಲು ಕೇಳುತ್ತಾನಂತೆ! ಸೋತವನ ಜಂಬ ಇದು ಎಂದುಕೊಂಡೆ. ಉತ್ತರ ಕೊಡಲಿಲ್ಲ. ಅಂಚಿನಲ್ಲಿ ಕೆರೆದಿರಲಿಲ್ಲ, ಇಂಕ್ ಪರೀಕ್ಷೆಯನ್ನೂ ಮಾಡಿರಲಿಲ್ಲ.

ಮುಂದಿನ ಬುಧವಾರ ನ್ಯಾಮತಿಯಲ್ಲಿದ್ದೆ. ಅಂದು ಜನ ಕಡಿಮೆ. ತಿಂಗಳ ಕೊನೆಗೆ ಆಸ್ಪತ್ರೆಯಲ್ಲಿ ನಾವು ಒಬ್ಬೊಬ್ಬರಾಗಿ ಒಂದು ವಿಷಯ ಮಂಡಿಸುವ ಪದ್ಧತಿ ಇದೆ, ಆ ಸಲ ನನ್ನ ಸರದಿ. ವಿಷಯ ಇನ್ನೇನು, ಚೊಗರು. ಅವನು ಎದುರಿಗೆ ಕೂತಿರುವಾಗ, ದೊಡ್ಡ ಪರದೆಯ ಮೇಲೆ, ಅವನ ತಪ್ಪನ್ನು ತೋರಿಸಬೇಕು. ಇಡೀ ವಾರ ನನಗೆ ಅದೇ ಗುಂಗು. ಪರದೆಗೆ ಹೊಂದಲಿ ಎಂದು ಕೆರೆದ ಮೇಲಿನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿದೆ.

ನಡುಭಾಗ ಮಾಸಿತ್ತು, ಸರಿ. ಆದರೆ ಮಾಸಿದ ಜಾಗದಲ್ಲಿ ತಿಳಿ ಚರ್ಮ ಇರಲಿಲ್ಲ. ಚೊಗರಿನ ಕೆಂಗಂದು ಹೋದ ಮೇಲೆ ಅದರ ಕೆಳಗೆ ಬೂದು ಬೆರೆತ ಇನ್ನೊಂದು ಕಂದು ಉಳಿದಿತ್ತು. ಬೋದಿನ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ, ಪಟ್ಟಿಯ ನಡುವೆ ಬಿಳಿ ಚುಕ್ಕಿಗಳು. ಅಂಚಿನ ಕಡೆ ಪಟ್ಟಿಗಳು ಒಂದು ಅಳತೆಯಲ್ಲಿರಲಿಲ್ಲ, ಒಂದು ಅಗಲ, ಒಂದು ಸಣ್ಣ. ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು ಬಣ್ಣ. ನಾನು ಮೇಲಿನದನ್ನು ಕೆರೆದು ಕುಣಿದಿದ್ದೆ.

ಮೊದಲು ಇದು ಚಿತ್ರದ ದೋಷ ಎಂದುಕೊಳ್ಳಲು ನೋಡಿದೆ. ಮೊಬೈಲ್ ನಡುಗಿರಬಹುದು, ಜೆಲ್ಲಿನಲ್ಲಿ ಗುಳ್ಳೆ ಇರಬಹುದು. ಇನ್ನೂ ಹಿಗ್ಗಿಸಿದೆ. ಗುಳ್ಳೆ ಇರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನನ್ನ ಕಣ್ಣಿಗೆ ಆ ಗುರುವಾರ ಕಂಡದ್ದೆಲ್ಲ ಚೊಗರು. ಅವನನ್ನು ಅವಮಾನಿಸಲು ಹಿಗ್ಗಿಸಿದ ಚಿತ್ರದಲ್ಲಿ ನನ್ನ ತಪ್ಪು ಅಷ್ಟು ದೊಡ್ಡದಾಗಿ ಕೂತಿತ್ತು. ನನಗೆ ಆ ಹೊತ್ತಿನಲ್ಲಿ ಆದ ಭಯ ಅವಳ ಕಾಲಿನ ಬಗ್ಗೆಯೋ, ಗುಂಪಿನಲ್ಲಿ ನನ್ನ ಮಾನ ಹೋಗುವ ಬಗ್ಗೆಯೋ, ಬೇರ್ಪಡಿಸಿ ಹೇಳಲಾರೆ.

ಅಂಗಾಲಿನ ಮೆಲನೋಮ ಮೇಲ್ಪದರದಲ್ಲೇ ಇರುವಾಗ ಕೊಯ್ದು ತೆಗೆದರೆ ರೋಗಿ ಬದುಕುತ್ತಾಳೆ. ಕೆಳಗಿಳಿದು ರಕ್ತಕ್ಕೆ ಸೇರಿದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅವಳು ನನ್ನ ಮಾತು ನಂಬಿ ಹೋಗಿದ್ದಳು. ಇನ್ನು ಮೇಲೆ ಆ ಕಲೆ ಎಷ್ಟು ಬೆಳೆದರೂ ಅವಳು ಯಾರಿಗೂ ತೋರಿಸುವುದಿಲ್ಲ, ಚೊಗರು ಎಂದುಕೊಂಡೇ ಓಡಾಡುತ್ತಾಳೆ.

ಅವಳ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಆಮೇಲೆ, ಬೇರೆ ದಾರಿಯೇ ಇಲ್ಲದೆ, ಅವನಿಗೆ ಮಾಡಿದೆ. ಅಡಿಕೆ ಸುಲಿಯುವ ಹೆಂಗಸರನ್ನು ಕೆಲಸಕ್ಕೆ ಕರೆತರುವ ಮೇಸ್ತ್ರಿಯ ವಿವರ ಚನ್ನಗಿರಿಯ ದಾಖಲೆಯಲ್ಲಿ ಇದ್ದೀತು ಎಂಬ ಆಸೆ.

“ಡಾಕ್ಟ್ರೇ, ಆ ಸೊಕ್ಕೆ ಹೆಂಗಸಿನ ಚಿತ್ರ ನಿಮ್ಮ ಹತ್ರ ಐತಾ?” ಎಂದೆ.

“ಐತೆ ಮೇಡಂ. ನಿಮ್ಮ ಮೆಸೇಜ್ ಬಂದ ಮೇಲೂ ನಂಗ್ಯಾಕೋ ಸಮಾಧಾನ ಆಗ್ಲಿಲ್ಲ. ಎರಡು ಸಲ ಆಯಮ್ಮಂಗೆ ಫೋನ್ ಮಾಡ್ದೆ, ಎತ್ತಲಿಲ್ಲ. ನಿಮ್ಮನ್ನ ಮತ್ತೆ ಕೇಳಾಕೆ ಸಂಕೋಚ ಆತು.”

ನನ್ನ ಬಳಿ ಕೇಳಲು ಅವನಿಗೆ ಸಂಕೋಚ. ಆ ಸಂಕೋಚವನ್ನು ಹುಟ್ಟಿಸಿದವಳು ನಾನೇ, ಬೇಕೆಂತಲೇ. ಐದು ನಿಮಿಷದಲ್ಲಿ ಅವನ ಚಿತ್ರಗಳು ಬಂದವು. ನಾನು ಕೆರೆಯುವ ಮೊದಲಿನವು, ಅಂಚಿನವು, ಇಪ್ಪತ್ತು ಪಟ್ಟು, ಐವತ್ತು ಪಟ್ಟು. ಎಷ್ಟು ಸ್ವಚ್ಛವಾಗಿದ್ದವೆಂದರೆ ಅಂಥ ಭಯದಲ್ಲೂ ನನಗೆ ಆ ಯಂತ್ರದ ಮೇಲೆ ಹೊಟ್ಟೆ ಉರಿಯಿತು. ಅಂಚಿನಲ್ಲಿ ಚೊಗರು ಹತ್ತದ ಕಡೆಯೂ ಬೋದಿನ ಮೇಲೆ ಪಟ್ಟಿ ಇತ್ತು. ಅವನು ಆ ಚಿತ್ರದ ಮೇಲೆ ಒಂದು ಬಾಣದ ಗುರುತು ಹಾಕಿಟ್ಟಿದ್ದ.

“ಕೆರೆಬಿಳಚಿಗೆ ಹೋಗಿ ಬರ್ತೀನಿ,” ಎಂದೆ.

“ಮೇಸ್ತ್ರಿ ನಂಬರ್ ನನ್ನ ಹತ್ರ ಐತೆ. ಇವತ್ತು ದಾವಣಗೆರ್ಯಾಗೇ ಇದೀನಿ, ನಾನೂ ಬರ್ತೀನಿ ಮೇಡಂ,” ಎಂದ.

ಬರಬೇಡಿ ಎನ್ನಬೇಕೆನಿಸಿತು, ಆಗಲಿ ಎಂದೆ. ಉಳಿದ ನಾಲ್ಕು ಜನ ರೋಗಿಗಳನ್ನು ನೋಡಿ ಮುಗಿಸಿ ಹೊರಟೆ. ಹೊನ್ನಾಳಿಯ ಸೇತುವೆ ದಾಟಿ ಚನ್ನಗಿರಿಯ ಕಡೆಗೆ ತಿರುಗುವಾಗ ಡ್ರೈವರ್, “ಇವತ್ತು ಬುಧವಾರ ಅಲ್ವಾ ಮೇಡಂ, ಈ ಕಡೆ ಯಾಕೆ?” ಎಂದು ಕೇಳಿದ. ಹಳೆ ರೋಗಿ ಎಂದಷ್ಟೇ ಹೇಳಿದೆ.

ಅಡಿಕೆ ಸುಲಿಯುವ ಶೆಡ್ಡು ಊರಿನ ಹೊರಗಿತ್ತು. ತಗಡಿನ ಮಾಡು, ಕೆಳಗೆ ಹಸಿರು ಅಡಿಕೆಯ ರಾಶಿ, ಸುತ್ತ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಒಬ್ಬೊಬ್ಬರ ಮುಂದೆಯೂ ಒಂದು ಮೆಟ್ಟುಗತ್ತಿ, ಹಲಗೆಗೆ ನಿಲ್ಲಿಸಿದ ಕತ್ತಿ. ಬಲಗಾಲಿನಿಂದ ಹಲಗೆಯನ್ನು ಮೆಟ್ಟಿ ಹಿಡಿದು, ಎಡಗಾಲನ್ನು ಮಡಚಿ ಅಡಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಅಡಿಕೆಯನ್ನು ಕತ್ತಿಗೆ ಒತ್ತುತ್ತಾರೆ. ಸಿಪ್ಪೆ ಒಂದು ಕಡೆ, ಸುಲಿದ ಅಡಿಕೆ ಒಂದು ಕಡೆ. ಚೊಗರು ಹಲಗೆಯ ಮೇಲೆ ಇಳಿಯುತ್ತದೆ.

ನಾನು ಅಲ್ಲೇ ನಿಂತುಬಿಟ್ಟೆ. ಎಲ್ಲರ ಬಲಗಾಲೂ ಕಪ್ಪು. ಎಡಗಾಲು, ಅಂಗಳದಲ್ಲಿ ಓಡಾಡಿ ಹತ್ತಿದ ಒಂದಿಷ್ಟು ಬಣ್ಣ ಬಿಟ್ಟರೆ, ಹೆಚ್ಚು ಕಡಿಮೆ ಸ್ವಚ್ಛ. ಸೊಕ್ಕೆಯ ಹೆಂಗಸಿನ ಕಲೆ ಇದ್ದದ್ದು ಎಡ ಹಿಮ್ಮಡಿಯಲ್ಲಿ. ಹನ್ನೊಂದು ವರ್ಷದಲ್ಲಿ ಅಡಿಕೆ ಸುಲಿಯುವವರ ಕಾಲುಗಳನ್ನು ನೂರಾರು ನೋಡಿದ್ದೆ, ಕೋಣೆಯಲ್ಲಿ, ಸ್ಟೂಲಿನ ಮೇಲೆ ಇಡಿಸಿಕೊಂಡು. ಅವರು ಕೂರುವುದನ್ನು ಒಮ್ಮೆಯೂ ನೋಡಿರಲಿಲ್ಲ. ‘ಯಾವ ಕಾಲಲ್ಲಿ ಮೆಟ್ತೀರಿ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನಿಗೆ ಅಡಿಕೆ ಗೊತ್ತಿಲ್ಲ ಎಂದು ಹೀಯಾಳಿಸಿದವಳಿಗೆ ಗೊತ್ತಿದ್ದದ್ದೂ ಅಷ್ಟರಲ್ಲೇ ಇತ್ತು.

ಅವಳು ನನ್ನನ್ನು ಕಂಡು ಎದ್ದೇ ಬಂದಳು. “ಇವರೇ ಕಣ್ರವ್ವ, ನಾ ಹೇಳ್ತಿದ್ನಲ್ಲ, ನಮ್ಮ ಜಗಳೂರು ಡಾಕ್ಟ್ರಮ್ಮ,” ಎಂದು ಎಲ್ಲರಿಗೂ ತೋರಿಸಿದಳು. ಅವನೂ ಅಷ್ಟರಲ್ಲಿ ಬಂದಿದ್ದ. ಒಬ್ಬಳು ಅವನನ್ನು ನೋಡಿ, “ಕಾಲು ಕತ್ತರಿಸ್ತೀನಿ ಅಂದೋರು ಇವ್ರೇನಾ?” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ. ನನಗೆ, ಬಂದ ಕೆಲಸ ಏನೆಂದು ಗೊತ್ತಿದ್ದೂ, ಆ ನಗು ಒಂದು ಕ್ಷಣ ಸಿಹಿಯಾಯಿತು.

ಮೇಸ್ತ್ರಿಯ ಕುರ್ಚಿಯ ಮೇಲೆ ಅವಳನ್ನು ಕೂರಿಸಿ ಕಾಲು ತೊಳೆಸಿದೆವು. ನಡುವಿನಲ್ಲಿ ಮತ್ತೆ ಚೊಗರು ಹತ್ತಿತ್ತು, ಈ ಸಲ ಅಂಚಿನವರೆಗೂ ಕೆರೆದೆ. ಇನ್ನು ಇಂಕ್ ಪರೀಕ್ಷೆ. ದುಡಿಯುವವರ ಅಂಗಾಲು ದಪ್ಪಗಾಗಿ ಒಡೆದು, ಯಾವುದು ಬೋದು ಯಾವುದು ಸಾಲು ಎಂಬುದೇ ತಿಳಿಯದ ಹಾಗೆ ಆಗಿರುತ್ತದೆ. ಅದಕ್ಕೆ ಕಲೆಯ ಮೇಲೆಲ್ಲ ಇಂಕ್ ಬಳಿದು, ಆಮೇಲೆ ಮೇಲ್ಮೇಲೆ ಒರೆಸಿಬಿಡುವುದು. ಬೋದಿನ ಮೇಲಿನ ಇಂಕ್ ಹೋಗುತ್ತದೆ, ಸಾಲಿನಲ್ಲಿ ಇಳಿದದ್ದು ಉಳಿಯುತ್ತದೆ. ನನ್ನ ಬಳಿ ಇದ್ದದ್ದು ಬಾಲ್‌ಪೆನ್. ಅವನು ಮೇಸ್ತ್ರಿಯನ್ನು ಕೇಳಿ ಚೀಲದ ಮೇಲೆ ಗುರುತು ಬರೆಯುವ ನೀಲಿ ಮಾರ್ಕರ್ ತಂದ. ಬಳಿದು, ಒಣ ಹತ್ತಿಯಿಂದ ಒಮ್ಮೆ, ಸ್ಪಿರಿಟ್ ಹತ್ತಿಯಿಂದ ಹಗುರವಾಗಿ ಒಮ್ಮೆ ಒರೆಸಿದೆ.

ಜೆಲ್ ಹಾಕಿ ಬಗ್ಗಿದೆ. ನೀಲಿ ಗೆರೆಗಳು ಸಾಲಿನಲ್ಲಿ ನೆಟ್ಟಗೆ ಎದ್ದು ಕಂಡವು. ಕಂದು ಪಟ್ಟಿಗಳು ನೀಲಿಯ ಮೇಲೆ ಇರಲಿಲ್ಲ. ಎರಡು ನೀಲಿ ಗೆರೆಗಳ ನಡುವೆ, ಬೋದಿನ ಮೇಲೆ, ಬಿಳಿ ಚುಕ್ಕಿಗಳನ್ನು ಸುತ್ತುವರಿದು ಓಡುತ್ತಿದ್ದವು. ಕೆರೆದರೂ ಹೋಗದ ಬಣ್ಣ. ಡರ್ಮೋಸ್ಕೋಪನ್ನು ಅವನಿಗೆ ಕೊಟ್ಟೆ. ಅವನು ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿ ಹಿಂದಿರುಗಿಸಿದ.

“ಅಮ್ಮ, ಇದನ್ನ ಕೊಯ್ದು ಪರೀಕ್ಷೆ ಮಾಡಿಸ್ಲೇಬೇಕು. ನಾಡಿದ್ದೇ ದಾವಣಗೆರೆಗೆ ಬನ್ರಿ,” ಎಂದೆ.

ಅವಳು ನಕ್ಕಳು. “ಅಯ್ಯ, ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ರಿ. ಕಾಗ್ದದ ಮ್ಯಾಲೆ ತೋರಿಸಿದ್ರಿ.”

“ಅವತ್ತು ಮೇಲೆ ಬಣ್ಣ ದಟ್ಟವಾಗಿತ್ತಮ್ಮ,” ಎಂದ ಅವನು. “ಅದು ಹೋಗೋವರೆಗೂ ಒಳಗಿಂದು ಯಾರಿಗೂ ಸರಿಯಾಗಿ ಕಾಣ್ತಿರ್ಲಿಲ್ಲ. ಮೇಡಂ ಕೆರೆದಿದ್ದಕ್ಕೇ ಈಗ ಕಾಣ್ತು.”

ನನ್ನನ್ನು ಕಾಪಾಡುತ್ತಿದ್ದಾನೆ! ಅವನ ಬಗ್ಗೆ ನನಗೆ ಅಲ್ಲಿಯವರೆಗೆ ಇದ್ದ ಹೊಟ್ಟೆಕಿಚ್ಚೆಲ್ಲ ಒಂದು ತೂಕ, ಆ ಕ್ಷಣದ್ದೇ ಒಂದು ತೂಕ. ಯಂತ್ರವಷ್ಟೇ ಒಳ್ಳೆಯದಾಗಿದ್ದರೆ ಅದು ಯಂತ್ರದ ಗುಣ ಎನ್ನಬಹುದಿತ್ತು, ಇವನು ಮನುಷ್ಯನೂ ನನಗಿಂತ ಒಳ್ಳೆಯವನಾಗಿದ್ದ. ಅವನು ಚಾಚಿದ ಆ ಸುಳ್ಳನ್ನು ಹಿಡಿದುಕೊಂಡು ನಾನು, “ಹೌದಮ್ಮ, ಈಗ ಕಾಣ್ತೈತೆ,” ಎಂದೆ.

ಅವಳು ನಂಬಲಿಲ್ಲ. ನಮ್ಮಿಬ್ಬರ ಮುಖ ನೋಡಿ, ಅವನತ್ತ ಕೈ ತೋರಿಸಿ ನನಗೆ ಹೇಳಿದಳು: “ಇವರು ಏನೋ ಹೇಳಿ ನಿಮ್ಮನ್ನೂ ಹೆದರಿಸ್ಯಾರೆ. ನೀವು ಅವತ್ತು ಹೇಳಿದ್ದೇ ಸತ್ಯ. ನಂಗೆ ಇವರ ಮಾತು ಬ್ಯಾಡ, ನಿಮ್ದೇ ಸಾಕು. ನಾ ಕೊಯ್ಸಾಕೆ ಬರಾಕಿಲ್ಲ.” ಎದ್ದು ತನ್ನ ಮೆಟ್ಟುಗತ್ತಿಯ ಮುಂದೆ ಹೋಗಿ ಕೂತಳು. ಸುತ್ತಲಿನ ಹೆಂಗಸರು ತಲೆ ಆಡಿಸಿದರು.

ಅವನ ಮಾತು ಬೇಡ, ನಿಮ್ಮದೇ ಸಾಕು. ನಾನು ಗೆದ್ದಿದ್ದೆ. ಇಪ್ಪತ್ತು ಜನರ ಎದುರಿಗೆ, ಚನ್ನಗಿರಿಯ ನೆಲದಲ್ಲೇ, ಅವನನ್ನು ನಿಲ್ಲಿಸಿಕೊಂಡು ಗೆದ್ದಿದ್ದೆ. ಆ ಗೆಲುವನ್ನು ಹೀಗೇ ಬಿಟ್ಟರೆ ಅವಳು ಸಾಯುತ್ತಾಳೆ. ಏನೇನೋ ಬೇರೆ ಮಾತು ಹುಡುಕಿದೆ. ಮಕ್ಕಳನ್ನು ಕರೆಸಿ ಹೇಳಿಸಲೇ, ಮೇಸ್ತ್ರಿಯಿಂದ ಗದರಿಸಲೇ? ಯಾವುದೂ ನನ್ನ ಆ ಹಳೆಯ ಮಾತಿಗಿಂತ ಗಟ್ಟಿಯಾಗಿರಲಿಲ್ಲ. ಅದನ್ನು ನಾನೇ ಮುರಿಯಬೇಕಿತ್ತು.

ಹೋಗಿ ಅವಳ ಪಕ್ಕ, ಸಿಪ್ಪೆಯ ಮೇಲೆ ಕೂತೆ. ಅವಳು ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳು.

“ನಾನು ಅವತ್ತು ಸರಿಯಾಗಿ ನೋಡ್ಲಿಲ್ಲ,” ಎಂದೆ. “ಅರ್ಧ ನೋಡಿ ಏನೂ ಇಲ್ಲ ಅಂದೆ. ಇವರು ಮೊದಲ ದಿನವೇ ಹೇಳಿದ್ದು ಸರಿ ಇತ್ತು.”

“ಬಣ್ಣ ಜಾಸ್ತಿ ಇತ್ತು ಅಂದ್ರಲ್ಲ ಈಗ?”

“ಅದು ಸುಳ್ಳು. ನನ್ನ ಮಾನ ಉಳಿಸಾಕೆ ಇವರು ಹೇಳಿದ್ದು. ನೋಡೋ ಮನಸ್ಸು ಇದ್ದಿದ್ರೆ ನಂಗೆ ಕಾಣ್ತಿತ್ತು. ಇವರು ಹೇಳಿದ್ದು ತಪ್ಪಾಗ್ಲಿ ಅಂತಲೇ ನಾನು ನಿಮ್ಮ ಕಾಲು ನೋಡ್ದೆ.”

“ಯಾಕ್ರಿ ಹಂಗೆ?”

“ಹೊಟ್ಟೆಕಿಚ್ಚು,” ಎಂದೆ. “ನನ್ನ ಊರು, ನನ್ನ ಜನ ಎಲ್ಲಾ ಇವರ ಕಡೆ ಹೋದ್ರು ಅಂತ.”

ಹಿಂದಿನಿಂದ ಒಬ್ಬಳು, “ಡಾಕ್ಟ್ರಿಗೂ ಇರ್ತೈತೇನ್ರಿ ಅದು? ನಮ್ಮ ಓರಗಿತ್ತೇರಿಗೆ ಇದ್ದಂಗೆ?” ಎಂದಳು. ಒಂದಿಬ್ಬರು ನಕ್ಕರು. ಸೊಕ್ಕೆಯ ಹೆಂಗಸು ನಗಲಿಲ್ಲ. ತನ್ನ ಎಡ ಹಿಮ್ಮಡಿಯನ್ನು ತಿರುಗಿಸಿ, ನೀಲಿ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಅವನು ನೆಲ ನೋಡುತ್ತ ನಿಂತಿದ್ದ.

“ಹಂಗಾರೆ ಇನ್ಮ್ಯಾಲೆ ನನ್ನ ಕಾಲು ಯಾರಿಗೆ ತೋರಿಸ್ಲಿ?” ಎಂದು ಕೇಳಿದಳು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ದಾರಿ ತಪ್ಪಿದವರು ಕೇಳುವ ಹಾಗೆ ಕೇಳಿದಳು, ಉತ್ತರ ಬೇಕಾಗಿತ್ತು ಅವಳಿಗೆ. ‘ಇಬ್ಬರಿಗೂ ತೋರಿಸ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂತು.

“ಇವರಿಗೇ ತೋರಿಸ್ರಿ,” ಎಂದೆ.

ಶುಕ್ರವಾರ ಅವಳು ಗಂಡನನ್ನು ಕರೆದುಕೊಂಡು ದಾವಣಗೆರೆಗೆ ಬಂದಳು. ಕಲೆ ಸಣ್ಣದಾಗಿದ್ದರಿಂದ ಚೂರು ತೆಗೆಯುವ ಬದಲು ಪೂರ್ತಿ ಕೊಯ್ದು ಕಳಿಸುವುದೆಂದು ತೀರ್ಮಾನಿಸಿದೆವು. ಕೊಯ್ದವನು ಅವನು. ಹಿಮ್ಮಡಿಗೆ ಸೂಜಿ ಚುಚ್ಚುವುದು ಬಹಳ ನೋವಿನ ಕೆಲಸ, ನಿಧಾನವಾಗಿ ಮರಗಟ್ಟಿಸಬೇಕು. ಆ ಕೆಲಸ ನನ್ನದು. ಅವನ ಕೈ ಅಲುಗುತ್ತದೆಯೇ ಎಂದು ಕಣ್ಣಿಟ್ಟು ನೋಡಿದೆ. ಅಲುಗಲಿಲ್ಲ.

ಒಂಬತ್ತು ದಿನ ಬಿಟ್ಟು ವರದಿ ಬಂತು. ಮೆಲನೋಮವೇ. ಕೋಶಗಳು ಇನ್ನೂ ಮೇಲ್ಪದರದಲ್ಲೇ ಇದ್ದವು, ಕೆಳಗಿಳಿದಿರಲಿಲ್ಲ. ಸುತ್ತ ಇನ್ನಷ್ಟು ಅಗಲಕ್ಕೆ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ನಾನು ವಾಟ್ಸಾಪ್ ಗುಂಪಿಗೆ ಹೋಗಿ, ‘ಚೊಗರು ಎಂದು ನಾನು ಹೇಳಿದ್ದು ತಪ್ಪು, ಚನ್ನಗಿರಿಯಲ್ಲಿ ಹೇಳಿದ್ದೇ ಸರಿ’ ಎಂದು ವರದಿಯ ಸಮೇತ ಬರೆದೆ. ಹೋದ ಸಲ ಸುರಿದಿದ್ದ ಹೆಬ್ಬೆರಳುಗಳಲ್ಲಿ ಈ ಸಲ ಎರಡು ಬಂದವು. ತಿಂಗಳ ಕೊನೆಗೆ ಅದೇ ಚಿತ್ರಗಳನ್ನು ಇಟ್ಟುಕೊಂಡೇ ಮಾತಾಡಿದೆ, ಎರಡು ಬಣ್ಣಗಳ ಬಗ್ಗೆ, ಯಾವ ಕಾಲಲ್ಲಿ ಮೆಟ್ಟುತ್ತಾರೆ ಎಂದು ಕೇಳದೆ ಹೋದದ್ದರ ಬಗ್ಗೆ. ಅವನು ಮೊದಲ ಸಾಲಿನಲ್ಲಿ ಕೂತು ಬರೆದುಕೊಂಡ. ಕಿಚ್ಚು ಆರಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಸೋಮವಾರ ಸಂಜೆ ಚನ್ನಗಿರಿಯ ನರ್ಸಿಗೆ ಫೋನ್ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಮೊನ್ನೆ ಮೊನ್ನೆ, ಒಂದು ಗುರುವಾರ, ಅವಳು ಜಗಳೂರಿನ ಕ್ಲಿನಿಕ್ಕಿಗೆ ಬಂದಳು. ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದನ್ನು ನೋಡಿದೆ, ಸ್ವಲ್ಪವೂ ಕುಂಟುತ್ತಿರಲಿಲ್ಲ. ತೋಳಿನ ಮೇಲೆ ಹುಳುಕಡ್ಡಿ ಆಗಿತ್ತು, ಅದಕ್ಕೆ ಬಂದಿದ್ದಳು. ಮುಲಾಮು ಬರೆದುಕೊಟ್ಟೆ, ಹಚ್ಚುವ ಕ್ರಮ ಹೇಳಿದೆ, ತನ್ನ ಬಟ್ಟೆಯನ್ನು ಬೇರೆಯಾಗಿ ಒಗೆಯಲು ಹೇಳಿದೆ. ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಅವಳು ಏಳುವಾಗ ನಾನು ಡ್ರಾಯರಿನಿಂದ ಡರ್ಮೋಸ್ಕೋಪ್ ತೆಗೆದಿದ್ದೆ.

“ಹಂಗೇ ಒಂದ್ಸಲ ಕಾಲು ಮೇಲಿಡ್ರಮ್ಮ, ನೋಡಿಬಿಡ್ತೀನಿ,” ಎಂದೆ.

“ಅದು ಸೋಮವಾರ ಚನ್ನಗಿರ್ಯಾಗೆ ತೋರಿಸ್ತೀನ್ರಿ,” ಎಂದಳು, ನನಗೆ ಬೇಜಾರಾಗದಿರಲಿ ಎಂಬಂತೆ ಮೆಲ್ಲಗೆ. “ನೀವೇ ಹೇಳಿದ್ರಲ್ಲ.”

ಸೊಕ್ಕೆಯಿಂದ ಚನ್ನಗಿರಿಗೆ ಮೂರು ಬಸ್ಸು ಬದಲಿಸಬೇಕು. ಅವಳು ಚಪ್ಪಲಿ ಬಿಚ್ಚಲಿಲ್ಲ, ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮಸ್ಕಾರ ಹೇಳಿ ಹೊರಟಳು.